ಬಿಜಾಗರಿ ಸವೆದರೆ ಕಿಟಕಿಯನ್ನೇಕೆ ಕೀಳಬೇಕು?

ಮೇ ತಿಂಗಳಲ್ಲಿ ಊರಿಗೆ ಹೋದಾಗ, ಕಾರವಾರದ ಕೋಡಿಬಾಗದ ನಮ್ಮ ಮನೆಯ ರಸ್ತೆ ಬದಿಯ ಕೋಣೆಯ ಕಿಟಕಿಯನ್ನು ಸುತಳಿಯಿಂದ ಗ್ರಿಲ್‌ಗೆ ಬಿಗಿದು ಕಟ್ಟಿದ್ದರು. ಬಿಚ್ಚಲು ಕೈ ಹಾಕಿದೆ. “ಮುಟ್ಟಬೇಡ, ಕಳಚಿ ಬಿದ್ದರೆ ಕೆಳಗಿನ ದಾಸವಾಳದ ಗಿಡವೂ ಹೋಗುತ್ತದೆ” ಎಂದಳು ಆಯಿ. ತಮ್ಮ ಮಾರ್ಚ್‌ನಲ್ಲೇ ಫೋಟೊ ಕಳಿಸಿದ್ದ. ಸುತಳಿಯ ಸಂಗತಿಯನ್ನು ಮಾತ್ರ ಮುಚ್ಚಿಟ್ಟಿದ್ದ.

ಅದು ಮರದ ಕಿಟಕಿಯಲ್ಲ. ಹೆದ್ದಾರಿ 66 ಅಗಲವಾಗಿ ಲಾರಿಗಳ ಸದ್ದು ಹಾಸಿಗೆಯವರೆಗೂ ಬರತೊಡಗಿದ ಮೇಲೆ ತಮ್ಮ ಹಾಕಿಸಿದ, ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕಿಟಕಿ. ಎರಡು ಗಾಜು, ನಡುವೆ ಗಾಳಿ. ಎಂಟು ವರ್ಷ ಚೆನ್ನಾಗಿಯೇ ಇತ್ತು. ಈಗ ಕದ ಒಂದು ಮೂಲೆಗೆ ಜೋತು ಬಿದ್ದಿದೆ, ಹಿಡಿಕೆ ಗಿರಗಿರ ತಿರುಗುತ್ತದೆ, ಪಕ್ಕದ ಕಿಟಕಿಯ ಗಾಜುಗಳ ನಡುವೆ ಯಾರೋ ಒಳಗಿನಿಂದ ಉಸಿರು ಬಿಟ್ಟಂತೆ ಮಂಜು. ಹಾಕಿಕೊಟ್ಟವರಿಗೆ ತಮ್ಮ ಫೋನು ಮಾಡಿದರೆ ಬಂದ ಉತ್ತರ: ಆ ಮಾಲು ಈಗ ಬರುವುದಿಲ್ಲ, ಆರೂ ಕಿಟಕಿಗಳನ್ನು ಬದಲಿಸಿಬಿಡಿ, ಒಂದೂವರೆ ಲಕ್ಷದಲ್ಲಿ ಮುಗಿಸಿಕೊಡುತ್ತೇವೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಈ ಸಲಹೆಯನ್ನು ತಮ್ಮ ಹೆಚ್ಚುಕಡಿಮೆ ಒಪ್ಪಿಯೇ ಬಿಟ್ಟಿದ್ದ.

ಪರದೇಶದಲ್ಲಿ ಎಲ್ಲ ಚೆಂದ, ನಮ್ಮಲ್ಲಿ ಎಲ್ಲ ಹಾಳು ಎಂಬ ರಾಗ ಎಳೆಯಲು ನಾನು ಕುಳಿತಿಲ್ಲ. ಇದೇ ಸಲಹೆಯನ್ನು ನಾನಿರುವ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲೂ ಕೇಳಿದ್ದೇನೆ, ಕೋಟು ತೊಟ್ಟು ಬಂದವನ ಬಾಯಿಂದ. ಅಬರ್ಡೀನ್ ಕೂಡ ಕಡಲ ದಂಡೆಯ ಊರು. ‘ಹಾರ್’ ಎಂದು ಅಲ್ಲಿನವರು ಕರೆಯುವ ಕಡಲ ಮಂಜು ಮೇಲೆ ಬಂದರೆ ಎದುರು ಮನೆ ಕಾಣುವುದಿಲ್ಲ. ಮಳೆ ಮಾತ್ರ ಕಾರವಾರದ ಮೂರನೆಯ ಒಂದು ಪಾಲೂ ಬರಲಿಕ್ಕಿಲ್ಲ. ಆದರೆ ಉಪ್ಪುಗಾಳಿ ಎರಡೂ ಕಡೆ ಒಂದೇ, ಅದು ಕಬ್ಬಿಣದ ಜಾತಿ ಕೇಳುವುದಿಲ್ಲ. ನಮ್ಮ ಮನೆಯ ಮಲಗುವ ಕೋಣೆಯ ಕಿಟಕಿ ಚಳಿಗಾಲದ ರಾತ್ರಿಗಳಲ್ಲಿ ಸಿಳ್ಳೆ ಹಾಕತೊಡಗಿದಾಗ ಆ ಕೋಟಿನವನು ಬಂದು, ಚೌಕಟ್ಟನ್ನು ಬೆರಳಿನಿಂದ ತಟ್ಟಿ, ಒಂಬತ್ತು ಕಿಟಕಿಗೆ 6000 ಪೌಂಡ್ ಎಂದ. ಅವನು ಹೋದ ಮೇಲೆ ಪಕ್ಕದ ಮನೆಯ ಮುದುಕ, ಸಮುದ್ರದ ತೈಲ ಬಾವಿಗಳಲ್ಲಿ ದುಡಿದು ನಿವೃತ್ತನಾದವನು, ಸ್ಕ್ರೂಡ್ರೈವರ್ ಹಿಡಿದು ಒಳಗೆ ಬಂದ. ಕಿಟಕಿ ತೆರೆದು ಚೌಕಟ್ಟಿನ ಅಂಚಿನಲ್ಲಿದ್ದ ಲೋಹದ ಪಟ್ಟಿಗಳನ್ನು ತೋರಿಸಿದ. “ಸವೆದಿರುವುದು ಇದು. ಕಿಟಕಿಗೆ ಏನೂ ಆಗಿಲ್ಲ.”

ಅದಕ್ಕೆ ಫ್ರಿಕ್ಷನ್ ಸ್ಟೇ ಎಂದು ಹೆಸರು. ನಮ್ಮ ಬಿಜಾಗರಿಯ ಕೆಲಸವನ್ನೂ, ಗಾಳಿಗೆ ಕಿಟಕಿ ಬಡಿಯದಂತೆ ಹಾಕುವ ಕೊಕ್ಕೆಯ ಕೆಲಸವನ್ನೂ ಇದೊಂದೇ ಮಾಡುತ್ತದೆ. ನಾಲ್ಕೈದು ಪಟ್ಟಿಗಳನ್ನು ರಿವೆಟ್ ಹೊಡೆದು ಕತ್ತರಿಯಂತೆ ಜೋಡಿಸಿರುತ್ತಾರೆ, ಒಂದು ತುದಿ ಹಳಿಯ ಮೇಲೆ ಜಾರುತ್ತದೆ. ಜಾರುವ ಆ ತುಂಡಿನಲ್ಲಿ ಬಹಳ ಕಡೆ ಹಿತ್ತಾಳೆಯ ಪುಟ್ಟ ಸ್ಕ್ರೂ ಇರುತ್ತದೆ. ಕಿಟಕಿ ಗಾಳಿಗೆ ತಾನಾಗಿ ಹಾರಿಕೊಳ್ಳುತ್ತಿದ್ದರೆ ಅದನ್ನು ಅರ್ಧ ಸುತ್ತು ಬಿಗಿದರೆ ಸಾಕು, ನಿಲ್ಲಿಸಿದಲ್ಲಿ ನಿಲ್ಲುತ್ತದೆ. ಹತ್ತು ವರ್ಷ ಆ ಕಿಟಕಿಗೆ ಮರದ ತುಂಡು ಸಿಕ್ಕಿಸಿ ನಿಲ್ಲಿಸುತ್ತಿದ್ದ ನನಗೆ ಇದನ್ನು ಕೇಳಿ ನಾಚಿಕೆಯಾಯಿತು. ರಿವೆಟ್‌ಗಳೇ ಸಡಿಲವಾಗಿದ್ದರೆ ಬಿಗಿದು ಪ್ರಯೋಜನವಿಲ್ಲ, ಹೊಸ ಜೊತೆ ಹಾಕಬೇಕು. ಅದಕ್ಕೆ ಬೇಕಾದ ಅಳತೆ ಎರಡೇ: ಹಳಿಯ ಉದ್ದ, ಮತ್ತು ಮಡಚಿದಾಗ ಪಟ್ಟಿಗಳ ಒಟ್ಟು ದಪ್ಪ. ದಪ್ಪ 13 ಮಿಲಿಮೀಟರ್ ಇರುತ್ತದೆ, ಇಲ್ಲವೇ 17. ಹಿಡಿಕೆಯದೂ ಹಾಗೆಯೇ. ಅದರ ಹಿಂದಿನ ಚೌಕ ಕಡ್ಡಿ 7 ಮಿಲಿಮೀಟರ್, ಎರಡು ಸ್ಕ್ರೂಗಳ ನಡುವಿನ ಅಂತರ 43. ಯಾವ ಕಂಪನಿಯ ಕಿಟಕಿಯಾದರೂ ಸರಿ, ಈ ಅಳತೆಗಳು ಬಹುಪಾಲು ಹೊಂದಿಕೊಳ್ಳುತ್ತವೆ. ಒಂದು ಜೊತೆ ಸ್ಟೇಗೆ ನಾನು ಕೊಟ್ಟದ್ದು 14 ಪೌಂಡ್. ಶನಿವಾರದ ಒಂದು ಮಧ್ಯಾಹ್ನ, ಎರಡು ಕಪ್ ಚಹಾ. ಸಿಳ್ಳೆ ನಿಂತಿತು.

ಅಬರ್ಡೀನ್‌ನಲ್ಲಿ ಇದು ಸಾಧ್ಯವಾಗುವುದು ಅಲ್ಲಿನವರು ಬಹಳ ಜಾಣರು ಎಂದಲ್ಲ. ಕೂಲಿಯಾಳು ಮನೆ ಬಾಗಿಲಿಗೆ ಬಂದು ನಿಂತರೇ ನೂರು ಪೌಂಡ್ ಕೇಳಬಹುದೆಂಬ ಭಯದಿಂದ. ಮನುಷ್ಯ ಸಿಗುವುದು ಕಷ್ಟ, ಆದ್ದರಿಂದ ಮೂರು ಕಾಸಿನ ಬಿಡಿಭಾಗಕ್ಕೂ ಒಂದು ಹೆಸರು, ಒಂದು ಅಳತೆ, ಒಂದು ಅಂಗಡಿ.

ಸರಿ, ಊರಿಗೆ ಬರೋಣ. ತಮ್ಮನಿಗೆ ಸ್ಕೇಲು ಹಿಡಿಸಿ ಅಳೆಯಿಸಿದ್ದೆ: 12 ಇಂಚು, 17 ಮಿಲಿಮೀಟರ್. ನನ್ನದೇ ಅಳತೆ! ಊರಿನಿಂದ ಹೊರಡುವಾಗ ಅಪ್ಪೆಮಿಡಿ ತುಂಬಿಸಿಕೊಂಡು ಹೋಗುವ ಪೆಟ್ಟಿಗೆಯಲ್ಲಿ ಈ ಸಲ ಊರಿಗೆ ಎರಡು ಜೊತೆ ಸ್ಟೇ ಬಂದವು. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆರೆಸಿ ಇದೇನು ಎಂದು ಕೇಳಿದವನಿಗೆ ಕಿಟಕಿಯ ಬಿಜಾಗರಿ ಎಂದು ಅರ್ಥಮಾಡಿಸಲು ಹತ್ತು ನಿಮಿಷ ಹಿಡಿಯಿತು.

ನಮ್ಮ ಮನೆಗೆ ಮೊದಲಿನಿಂದಲೂ ಬರುವ ಆಚಾರಿಯವರನ್ನು ಕರೆದೆ. ಎಪ್ಪತ್ತರ ಹತ್ತಿರದವರು, ಯುಪಿವಿಸಿಯನ್ನು ಎಂದೂ ಬಿಚ್ಚಿದವರಲ್ಲ. ಒಳಗೆ ಗ್ರಿಲ್ ಇದ್ದುದರಿಂದ ಹೊರಗೆ ಏಣಿ ಹಾಕಿದರು. ಹಳೆಯ ಸ್ಟೇಯ ಸ್ಕ್ರೂ ಬಿಚ್ಚಲು ಹೋದರೆ ಐದರಲ್ಲಿ ಮೂರರ ತಲೆ ಪುಡಿಯಾಗಿ ಉದುರಿತು. ಸ್ಟೇ ಸ್ಟೇನ್‌ಲೆಸ್ ಉಕ್ಕಿನದು, ಅದಕ್ಕೆ ಬಿಗಿದದ್ದು ಮಾತ್ರ ಮೇಲೆ ಹೊಳಪಿನ ಲೇಪವಿದ್ದ ಮಾಮೂಲಿ ಕಬ್ಬಿಣದ ಸ್ಕ್ರೂ. ಹಾಗೆ ಬಿಗಿದು ಉಪ್ಪುಗಾಳಿಗೆ ಬಿಟ್ಟರೆ ಎರಡು ಲೋಹಗಳ ನಡುವೆ ಸಣ್ಣದೊಂದು ಬ್ಯಾಟರಿಯೇ ಹುಟ್ಟಿಕೊಳ್ಳುತ್ತದೆ, ಕರಗುವುದು ಕಬ್ಬಿಣ. ಇದು ಬೈತಖೋಲ ಬಂದರಿನವರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಉಕ್ಕಿನ ದೋಣಿಯ ತಳಕ್ಕೆ ಸತುವಿನ ಗಟ್ಟಿ ಕಟ್ಟುವುದು ಇದಕ್ಕಾಗಿಯೇ, ದೋಣಿಯ ಬದಲು ಅದು ಸವೆಯಲಿ ಎಂದು. ಬಂದರಿಗೆ ಎರಡು ಮೈಲಿ ದೂರದ ಮನೆಗೆ ಕಿಟಕಿ ಕೂರಿಸಿದವರಿಗೆ ಮಾತ್ರ ಇದು ಹೊಳೆಯಲಿಲ್ಲ. ಸ್ಟೇನ್‌ಲೆಸ್ ಉಕ್ಕಿನಲ್ಲೂ 304 ಎಂಬ ದರ್ಜೆ ಕಡಲ ಬದಿಯಲ್ಲಿ ಚಹಾದ ಕಲೆಯಂತೆ ಕಂದುಗಟ್ಟುತ್ತದೆ. ಮಾಲಿಬ್ಡಿನಮ್ ಬೆರೆಸಿದ 316 ಇನ್ನೂ ಹೆಚ್ಚು ತಾಳುತ್ತದೆ. ಆರು ಕಿಟಕಿಗೆ ಬೇಕಾಗುವ ಸ್ಕ್ರೂಗಳಲ್ಲಿ ಈ ಎರಡರ ನಡುವಿನ ಬೆಲೆಯ ವ್ಯತ್ಯಾಸ ಒಂದು ಮೀನೂಟದಷ್ಟೂ ಇರಲಾರದು.

ಮಂಜು ಹಿಡಿದ ಕಿಟಕಿಯ ಕತೆ ಇನ್ನೂ ಸೊಗಸು. ಚೌಕಟ್ಟಿನ ಕೆಳಪಟ್ಟಿಯಲ್ಲಿ ಹೊರಬದಿಗೆ ಸಣ್ಣ ಸೀಳುಗಳನ್ನು ಕೊರೆದಿರುತ್ತಾರೆ. ಎಂಥ ರಬ್ಬರ್ ಹಾಕಿದರೂ ಮಳೆನೀರು ಸ್ವಲ್ಪ ಒಳಗೆ ಇಳಿಯುತ್ತದೆ, ಅದು ಹರಿದು ಹೋಗಲೆಂದು ಈ ಕಿಂಡಿಗಳು. ನಮ್ಮಲ್ಲಿ ಕಿಟಕಿ ಕೂರಿಸಿದ ಹುಡುಗರು ಅವನ್ನು ಕಾರ್ಖಾನೆಯ ತಪ್ಪೆಂದು ತಿಳಿದರೋ, ಇರುವೆ ಬರುತ್ತದೆ ಎಂದುಕೊಂಡರೋ, ಅಚ್ಚುಕಟ್ಟಾಗಿ ಸಿಲಿಕೋನ್ ಅಂಟು ಬಳಿದು ಮುಚ್ಚಿದ್ದರು. ಎಂಟು ಮಳೆಗಾಲಗಳ ನೀರು ಒಳಗೇ ನಿಂತು, ಗಾಜಿನ ಅಂಚಿನ ಬೆಸುಗೆ ಅದರಲ್ಲಿ ನೆನೆದು ಬಾಯಿಬಿಟ್ಟಿದೆ. ಎರಡು ಗಾಜುಗಳ ನಡುವಿನ ಅಂಚುಪಟ್ಟಿಯಲ್ಲಿ ತೇವ ಹೀರುವ ಕಾಳುಗಳಿರುತ್ತವೆ, ಅವಕ್ಕೂ ಒಂದು ಮಿತಿಯಿದೆ. ಆಚಾರಿಯವರು ಚಾಕುವಿನ ತುದಿಯಿಂದ ಸಿಲಿಕೋನ್ ಕೆದಕಿ ತೆಗೆದಾಗ ಕರಿನೀರು ಗೋಡೆಯ ಮೇಲೆ ಇಳಿಯಿತು. ಅಲ್ಲೂ ಕಿಟಕಿ ಬದಲಿಸಬೇಕಿಲ್ಲ. ಒಳಬದಿಯಲ್ಲಿ ಗಾಜನ್ನು ಹಿಡಿದಿಡುವ ಬೀಡಿಂಗ್ ಪಟ್ಟಿ ಎಬ್ಬಿಸಿ ಗಾಜಿನ ಜೋಡಿಯನ್ನಷ್ಟೇ ಅಳತೆಗೆ ಮಾಡಿಸಿ ಕೂರಿಸಬಹುದು. ಅದು ಡಿಸೆಂಬರ್‌ನ ಕೆಲಸ.

ಹೊಸ ಸ್ಟೇ ಕೂರಿಸುವಾಗ ಹಳೆಯ ತೂತುಗಳಲ್ಲಿ ಎರಡು ಅಗಲವಾಗಿ ಸ್ಕ್ರೂ ಹಿಡಿಯಲಿಲ್ಲ. ಆಚಾರಿಯವರು ಜೇಬಿನಿಂದ ಬೆಂಕಿಕಡ್ಡಿ ತೆಗೆದರು. ಅಬರ್ಡೀನ್‌ನ ಮುದುಕನೂ ತೆಗೆದದ್ದು ಅದನ್ನೇ! ನಾನು ಬೇಡವೆಂದು ಒಂದು ನಂಬರ್ ಹೆಚ್ಚು ದಪ್ಪದ ಸ್ಕ್ರೂ ಕೊಟ್ಟೆ. ಆಮೇಲೆ ಅವರು ಹಿಡಿಕೆ ತಿರುಗಿಸಿ, ಕದದ ಅಂಚಿನುದ್ದಕ್ಕೂ ಮೇಲೆ ಕೆಳಗೆ ಸರಿಯುವ ಬೀಗದ ಪಟ್ಟಿಯನ್ನು ಬಹಳ ಹೊತ್ತು ನೋಡಿದರು. “ಇದು ಅಗುಳಿಯೇ, ತಮಾ. ಹಿಗ್ಗಿಸಿದ್ದಾರೆ ಅಷ್ಟೆ.” ಎಸ್ಪ್ಯಾಗ್ನೊಲೆಟ್ ಎಂಬ ನಾಲಿಗೆ ತಿರುಚುವ ಹೆಸರಿಗೆ ಇದಕ್ಕಿಂತ ಒಳ್ಳೆಯ ಅರ್ಥ ನನಗೆ ಎಲ್ಲೂ ಸಿಕ್ಕಿಲ್ಲ.

ನನ್ನ ಸಿಟ್ಟು ಇರುವುದು ಇಲ್ಲಿ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಹಲಸಿನ ಕದಕ್ಕೆ ಹಿತ್ತಾಳೆ ಬಿಜಾಗರಿ ಹಾಕುತ್ತಿದ್ದರು, ಹೊರಮೈಗೆ ಗೇರೆಣ್ಣೆ ಬಳಿಯುತ್ತಿದ್ದರು. ಮಳೆಗಾಲದಲ್ಲಿ ಕದ ಉಬ್ಬಿ ಮುಚ್ಚದಿದ್ದರೆ ಇದೇ ಆಚಾರಿಯವರು ಕೀಸುಳಿ ಎತ್ತುತ್ತಿರಲಿಲ್ಲ, ಚೌತಿ ಕಳೆಯಲಿ ಎನ್ನುತ್ತಿದ್ದರು. ಆಷಾಢದಲ್ಲಿ ಕೀಸಿದ್ದು ಮಾಘದಲ್ಲಿ ಬೆರಳು ಹೋಗುವಷ್ಟು ಸಂದಿಯಾಗುತ್ತದೆಂದು ಅವರಿಗೆ ಗೊತ್ತು. ಬಿಜಾಗರಿ ಸವೆದರೆ ಬಿಜಾಗರಿ ಬದಲಿಸಬೇಕು ಎಂಬುದನ್ನು ಇಂಥ ಊರಿಗೆ ಯಾರೂ ಹೇಳಬೇಕಿರಲಿಲ್ಲ. ಹೊಸ ಕಿಟಕಿ ಬಂದದ್ದೇ ಅದರ ಹೊಳಪಿಗೆ ಬೆದರಿ, ಇದು ನಮ್ಮ ಕೈಗೆ ದಕ್ಕುವ ವಸ್ತುವಲ್ಲ ಎಂದು ಆಚಾರಿಯೂ ದೂರ ನಿಂತರು, ಮನೆಯವರೂ ದೂರ ನಿಂತರು. ಆ ಅಂತರದಲ್ಲಿ ಮಾರುವವನಿಗೆ ಒಂದೂವರೆ ಲಕ್ಷ ಕಾಣಿಸಿತು.

ನಮ್ಮ ಹವೆಗೆ ಜೋಡಿ ಗಾಜು ಬೇಕೇ ಎಂಬುದು ಬೇರೆಯೇ ಜಗಳ. ಅಬರ್ಡೀನ್‌ನಲ್ಲಿ ಅದು ಬೆಚ್ಚಗಿರಲು. ಕಾರವಾರದಲ್ಲಿ ಎಸಿ ಇಲ್ಲದ ಕೋಣೆಗೆ ಅದರ ಉಪಯೋಗ ಸದ್ದು ತಡೆಯುವುದಷ್ಟೇ, ಅದಕ್ಕೆ ನಡುವೆ ಪದರವಿಟ್ಟ ಲ್ಯಾಮಿನೇಟೆಡ್ ಒಂಟಿ ಗಾಜೂ ಆಗುತ್ತದೆ. ಎಲ್ಲ ಬಿಗಿದು ಮುಚ್ಚಿದ ಮನೆಯಲ್ಲಿ ಜುಲೈ ತಿಂಗಳಿಗೆ ಕಪಾಟಿನೊಳಗಿನ ರೇಷ್ಮೆ ಸೀರೆಗೆ ಬೂಸ್ಟು ಬರುತ್ತದೆಂದು ಆಯಿ ಹೇಳುತ್ತಲೇ ಇದ್ದಾಳೆ. ತಮ್ಮ ಒಪ್ಪುವುದಿಲ್ಲ.

ಹಾಕಿಸುವವರು ಹಾಕಿಸಲಿ. ಆದರೆ ಗಾಜು, ಬಣ್ಣ ನೋಡುವ ಮೊದಲು ಕಿಟಕಿ ತೆರೆಸಿ ಸ್ಕ್ರೂ ಯಾವುದು ಎಂದು ಕೇಳಿ. ಎರಡು ಜೊತೆ ಸ್ಟೇ, ಎರಡು ಹಿಡಿಕೆ ಹೆಚ್ಚಿಗೆ ಕೊಡುವಂತೆ ಬಿಲ್ಲಿನಲ್ಲೇ ಬರೆಸಿ, ಅಳತೆಗಳನ್ನು ಗೋಡೆ ಕಪಾಟಿನ ಬಾಗಿಲ ಹಿಂದೆ ಬರೆದಿಡಿ. ಮಳೆಗಾಲದ ಮೊದಲೊಮ್ಮೆ, ಆಮೇಲೊಮ್ಮೆ ಸ್ಟೇಗಳನ್ನು ಸಿಹಿನೀರಿನಲ್ಲಿ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಡಿ. ಕೊಬ್ಬರಿ ಎಣ್ಣೆ ಬೇಡ. ಆಯಿ ಅದನ್ನೇ ಬಿಟ್ಟಿದ್ದಳು, ಧೂಳು ಕೂತು ಹಳಿಯಲ್ಲಿ ಬೆಲ್ಲದ ಪಾಕದಂತೆ ಅಂಟಿತ್ತು.

ಕೆಲಸ ಮುಗಿದ ಮೇಲೆ ಆಚಾರಿಯವರು ಕೂಲಿಯ ಜೊತೆ ಹಳೆಯ ತುಕ್ಕು ಹಿಡಿದ ಸ್ಟೇಯನ್ನೂ ಕೇಳಿದರು. ಚೀಲಕ್ಕೆ ಹಾಕಿಕೊಂಡು ಹೋದರು. ನಾನು ಅಬರ್ಡೀನ್‌ಗೆ ಮರಳಿದ ಮೂರನೆಯ ವಾರ ಅವರ ಫೋನು ಬಂತು. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಅದೇ 12 ಇಂಚು, ಅದೇ 17 ಸಿಕ್ಕಿದೆಯಂತೆ, ಆದರೆ ಹತ್ತು ಜೊತೆಯ ಪೆಟ್ಟಿಗೆ ಒಡೆದು ಕೊಡುವುದಿಲ್ಲವಂತೆ. ನಮ್ಮ ಮನೆಗೆ ಇನ್ನು ಬೇಕಾದದ್ದು ನಾಲ್ಕು. “ಉಳಿದ ಆರು ಏನು ಮಾಡುವುದು?” ಎಂದೆ. ಕಾಜುಬಾಗದಲ್ಲಿ ಎರಡು ಮನೆಗಳಲ್ಲಿ ಕಿಟಕಿಗೆ ಸುತಳಿ ಕಟ್ಟಿರುವುದನ್ನು ಅವರು ಆಗಲೇ ನೋಡಿ ಬಂದಿದ್ದರು.