ಡಿಸೆಂಬರಿನ ಕೊನೆಯ ವಾರದ ಋಷಿಗಳು

ಹನ್ನೊಂದು ತಿಂಗಳು ಮೂರು ವಾರ ಎದುರು ಪಕ್ಷದವರ ಬುದ್ಧಿ, ವಂಶ ಮತ್ತು ಮಾನಸಿಕ ಸ್ವಾಸ್ಥ್ಯದ ಕುರಿತು ಬಿಡುವಿಲ್ಲದೆ ಸಂಶೋಧನೆ ನಡೆಸಿದ ಮನುಷ್ಯ, ಡಿಸೆಂಬರಿನ ಕೊನೆಯ ವಾರದಲ್ಲಿ ಇದ್ದಕ್ಕಿದ್ದಂತೆ ಋಷಿಯಾಗಿಬಿಡುತ್ತಾನೆ. ರಾಜಕೀಯವನ್ನು ಬದಿಗಿಟ್ಟು ನೋಡಿದರೆ ಬದುಕು ಎಷ್ಟು ಸುಂದರ ಎಂದು ಅವನಿಗೆ ಹೊಳೆಯುತ್ತದೆ. ಹೊಳೆದದ್ದನ್ನು ಕೂಡಲೇ ಪ್ರಕಟಿಸುತ್ತಾನೆ. "ನನ್ನನ್ನು ದ್ವೇಷಿಸಿದವರಿಗೂ, ಸತ್ಯವನ್ನು ಅರಗಿಸಿಕೊಳ್ಳಲಾಗದವರಿಗೂ, ದೇಶದ ಬಗ್ಗೆ ಎಳ್ಳಷ್ಟೂ ಕಾಳಜಿ ಇಲ್ಲದವರಿಗೂ ಹೃತ್ಪೂರ್ವಕ ಧನ್ಯವಾದಗಳು." ಇದರಲ್ಲಿ ಧನ್ಯವಾದ ಎಲ್ಲಿ ಮುಗಿದು ಬೈಗುಳ ಎಲ್ಲಿ ಆರಂಭವಾಯಿತು ಎಂಬುದನ್ನು ವ್ಯಾಕರಣ ಪಂಡಿತರೂ ಬಿಡಿಸಿ ಹೇಳಲಾರರು.

ಅವನೊಬ್ಬನನ್ನೇ ದೂರುವುದು ನ್ಯಾಯವಲ್ಲ. ರಾಜಕೀಯದಾಚೆ ನಿಲ್ಲಲು ಅವನು ಆರಿಸಿಕೊಂಡ ಮುಹೂರ್ತವೇ ರಾಜಕೀಯದ ಕೂಸು. ಪ್ರಾಚೀನ ರೋಮಿನಲ್ಲಿ ವರ್ಷಕ್ಕೊಮ್ಮೆ ಆಯ್ಕೆಯಾಗುತ್ತಿದ್ದ ಕಾನ್ಸಲ್ ಎಂಬ ಅತ್ಯುನ್ನತ ಅಧಿಕಾರಿಗಳು ಮಾರ್ಚ್ 15ರಂದು ಅಧಿಕಾರ ವಹಿಸಿಕೊಳ್ಳುತ್ತಿದ್ದರು. ಸ್ಪೇನಿನಲ್ಲಿ ದಂಗೆ ಎದ್ದಾಗ, ಅದನ್ನು ಅಡಗಿಸಲು ದಂಡು ಬೇಗ ಹೊರಡಲೆಂದು ಕ್ರಿ.ಪೂ. 153ರಲ್ಲಿ ಆ ದಿನವನ್ನು ಜನವರಿ 1ಕ್ಕೆ ಎಳೆದುಕೊಂಡರು; ಹೊಸ ವರ್ಷದ ಆರಂಭವೂ ಅದರ ಹಿಂದೆಯೇ ಬಂತು. ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸೂರ್ಯನನ್ನು ಸುತ್ತುತ್ತಿರುವ ಭೂಮಿಗೆ ಈ ಸುದ್ದಿ ಇಂದಿಗೂ ತಲುಪಿಲ್ಲ. ಡಿಸೆಂಬರ್ 31ರ ನಡುರಾತ್ರಿ ಅದು ಯಾವ ಮೈಲಿಗಲ್ಲನ್ನೂ ದಾಟುವುದಿಲ್ಲ.

ಕೃತಜ್ಞತೆಗೆಂದೇ ಒಂದು ದಿನವನ್ನು ಮೀಸಲಿಟ್ಟ ಅಮೆರಿಕದ ಅನುಭವ ಇನ್ನೂ ರಸವತ್ತಾಗಿದೆ. 1863ರಲ್ಲಿ, ಅಂತರ್ಯುದ್ಧ ನಡೆಯುತ್ತಿದ್ದಾಗಲೇ, ಅಬ್ರಹಾಂ ಲಿಂಕನ್ ನವೆಂಬರಿನ ಕೊನೆಯ ಗುರುವಾರವನ್ನು ದೇವರಿಗೆ ಕೃತಜ್ಞತೆ ಸಲ್ಲಿಸುವ 'ಥ್ಯಾಂಕ್ಸ್‌ಗಿವಿಂಗ್' ದಿನವೆಂದು ಸಾರಿದ್ದರು. 1939ರ ನವೆಂಬರಿನಲ್ಲಿ ಐದು ಗುರುವಾರಗಳು ಬಂದವು, ಕೊನೆಯದು 30ನೇ ತಾರೀಖಿಗೆ. ಕೃತಜ್ಞತೆ ಮುಗಿಯದೆ ಕ್ರಿಸ್‌ಮಸ್ ವ್ಯಾಪಾರ ರಂಗೇರುವುದಿಲ್ಲವೆಂದು ದೊಡ್ಡ ಅಂಗಡಿಗಳವರು ಅಳಲು ತೋಡಿಕೊಂಡರು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಹಬ್ಬವನ್ನು ಒಂದು ವಾರ ಹಿಂದಕ್ಕೆ ತಂದು 23ಕ್ಕೆ ಇಟ್ಟರು. ಹಿಂದಿನ ಚುನಾವಣೆಯಲ್ಲಿ ಅವರೆದುರು ಸೋತಿದ್ದ ಆಲ್ಫ್ ಲ್ಯಾಂಡನ್ ಈ ತಾರೀಖಿನ ಬದಲಾವಣೆಯಲ್ಲಿ ಹಿಟ್ಲರನ ಸರ್ವಾಧಿಕಾರವನ್ನೇ ಕಂಡರು. ಅಟ್ಲಾಂಟಿಕ್ ಸಿಟಿಯ ಮೇಯರ್, ಅಧ್ಯಕ್ಷರ ಹೆಸರನ್ನೇ ಸೇರಿಸಿ, ಹೊಸ ಹಬ್ಬಕ್ಕೆ 'ಫ್ರಾಂಕ್ಸ್‌ಗಿವಿಂಗ್' ಎಂದು ನಾಮಕರಣ ಮಾಡಿದರು. ರಾಜ್ಯಗಳು ಎರಡು ಪಾಲಾಗಿ, ಒಂದು ಪಾಲು 23ಕ್ಕೂ ಇನ್ನೊಂದು ಪಾಲು 30ಕ್ಕೂ ದೇವರಿಗೆ ಋಣಿಯಾದವು. ಯಾರ ಮನಸ್ಸನ್ನೂ ನೋಯಿಸಲೊಲ್ಲದ ಕೆಲವು ರಾಜ್ಯಗಳು ಎರಡೂ ದಿನ ಋಣಿಯಾದವು. ಈ ವ್ಯಾಜ್ಯ ತೀರಲು 1941ರ ಡಿಸೆಂಬರಿನಲ್ಲಿ ಕಾನೂನೇ ಬೇಕಾಯಿತು. ಪರ್ಲ್ ಹಾರ್ಬರ್ ಮೇಲೆ ದಾಳಿಯಾಗಿ ಇನ್ನೂ ಮೂರು ವಾರ ತುಂಬಿರಲಿಲ್ಲ. ದೇಶ ಮಹಾಯುದ್ಧಕ್ಕೆ ಧುಮುಕಿತ್ತು. ಕೃತಜ್ಞತೆ ನಾಲ್ಕನೇ ಗುರುವಾರವೇ ಎಂದು ಅಂಕಿತ ಬಿದ್ದಿತು.

ನಮ್ಮ ಋಷಿಗೆ ಗುರುವಾರದ ಗೊಡವೆ ಇಲ್ಲ. ಅವನದು ಬ್ರಹ್ಮಾಂಡದ ದೃಷ್ಟಿ. 1990ರ ಫೆಬ್ರವರಿ 14ರಂದು ವಾಯೇಜರ್-1 ನೌಕೆ ಸುಮಾರು 600 ಕೋಟಿ ಕಿಲೋಮೀಟರ್ ದೂರದಿಂದ ತೆಗೆದ, ಭೂಮಿ ಒಂದು ಚುಕ್ಕಿಯಾಗಿ ಕಾಣುವ ಚಿತ್ರವನ್ನು ಪ್ರತಿ ವರ್ಷಾಂತ್ಯಕ್ಕೂ ತಪ್ಪದೆ ಹಂಚುತ್ತಾನೆ. ಆ ಚುಕ್ಕಿಯಲ್ಲಿ ನಾವೆಲ್ಲ ಎಷ್ಟು ಕ್ಷುದ್ರರು ನೋಡಿ, ಎನ್ನುತ್ತಾನೆ. 'ನಾವೆಲ್ಲ' ಎಂಬುದು ಸೌಜನ್ಯದ ಮಾತು. ಚಿತ್ರ ಮೊದಲು ತಲುಪಬೇಕಾದವರ ಹೆಸರುಗಳು ಅದರ ಕೆಳಗೇ ಇರುತ್ತವೆ. ಅಹಂಕಾರ ಬಿಡಬೇಕೆಂಬ ಉಪದೇಶ ಎದುರಾಳಿಗೆ ಹೊಂದುವಷ್ಟು ಚೆನ್ನಾಗಿ ಇನ್ನಾರಿಗೂ ಹೊಂದುವುದಿಲ್ಲ.

ನನ್ನ ಕುತೂಹಲ ಬೇರೆ. ಈ ರಾಜಕೀಯಾತೀತ ಧನ್ಯವಾದದ ಪಟ್ಟಿಗಳಲ್ಲಿ ಸಿಡುಬು ಎಂದೂ ಕಾಣಿಸಿಕೊಳ್ಳುವುದಿಲ್ಲ. ಇಪ್ಪತ್ತನೆಯ ಶತಮಾನವೊಂದರಲ್ಲೇ ಅಂದಾಜು 30 ಕೋಟಿ ಜನರನ್ನು ಕೊಂದ ಆ ರೋಗ ನಮ್ಮ ಮೈಗೆ ಬಾರದಿರುವುದು ಸಣ್ಣ ಉಪಕಾರವೇನಲ್ಲ. ಆದರೆ ಬಾರದಿದ್ದ ರೋಗಕ್ಕೆ ಭಾವಚಿತ್ರವಿಲ್ಲ, ಮಾಲೆ ಹಾಕಲು ಕೊರಳೂ ಇಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ, ಆ ಋಣದ ಮೂಲವನ್ನು ಹುಡುಕುತ್ತ ಹೋದವನು ಮತ್ತೆ ರಾಜಕೀಯದ ಅಂಗಳಕ್ಕೇ ಬಂದು ಬೀಳುತ್ತಾನೆ. ಸಿಡುಬನ್ನು ಭೂಮಿಯಿಂದಲೇ ಅಳಿಸಬೇಕೆಂದು 1958ರಲ್ಲಿ ವಿಶ್ವ ಆರೋಗ್ಯ ಸಭೆಯ ಮುಂದೆ ಪ್ರಸ್ತಾವ ಇಟ್ಟದ್ದು ಸೋವಿಯತ್ ಒಕ್ಕೂಟ. ಮುಂದೆ ಆ ಕಾರ್ಯಕ್ರಮವನ್ನು ಮುನ್ನಡೆಸಿದವರು ಅಮೆರಿಕದ ಡೊನಾಲ್ಡ್ ಹೆಂಡರ್ಸನ್. ಪರಸ್ಪರ ಅಣ್ವಸ್ತ್ರಗಳನ್ನು ಗುರಿಯಿಟ್ಟುಕೊಂಡು ಕುಳಿತಿದ್ದ ಎರಡು ಸರ್ಕಾರಗಳು ವಾದ ಮಾಡಿ, ಮತ ಹಾಕಿ, ಹಣ ಮಂಜೂರು ಮಾಡಿ, ಲಸಿಕೆ ಕಳುಹಿಸಿ ನಡೆಸಿದ ಕೆಲಸವದು. 1980ರಲ್ಲಿ ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ಘೋಷಣೆಯಾಯಿತು. ಇದರಿಂದ ರಾಜಕೀಯವನ್ನು ಬದಿಗಿಟ್ಟರೆ ಉಳಿಯುವುದು ಸಿಡುಬು.

ಜನವರಿ 2ರಂದು ಋಷಿ ಎದುರಾದ. ಮುಖ ಕೆಂಪಾಗಿತ್ತು. ತಾನು ಅಷ್ಟು ದೊಡ್ಡ ಮನಸ್ಸು ಮಾಡಿ ಸಲ್ಲಿಸಿದ ಧನ್ಯವಾದಕ್ಕೆ ಎದುರು ಪಕ್ಷದ ಒಬ್ಬನೇ ಒಬ್ಬನೂ ಪ್ರತಿಯಾಗಿ ಧನ್ಯವಾದ ಹೇಳಲಿಲ್ಲವಂತೆ. ಅವರ ಕೃತಘ್ನತೆಯ ಕುರಿತು ಆರು ಕಂತುಗಳ ಲೇಖನಮಾಲೆ ಸಿದ್ಧವಾಗುತ್ತಿದೆ ಎಂದ.