ಎಲ್ಲರೂ ಮ್ಯೂಟ್ ಆಗಿ, ಪ್ರಜಾಪ್ರಭುತ್ವ ಶುರುವಾಗ್ತಿದೆ

ಆನ್‌ಲೈನ್ ಪೌರನೀತಿ ಪಾಠ ಅಂದ್ರೆ ಮಕ್ಕಳಿಗೆ ಆಸಕ್ತಿಯೇ ಇಲ್ಲ ಅನ್ನುವ ದೂರು ಎಲ್ಲೆಡೆ ಇದೆ. ಮದ್ದು ಮಾತ್ರ ಒಂದೇ: ಸ್ಲೈಡು. ಆಸಕ್ತಿ ಬರಲಿಲ್ಲವೇ? ಇನ್ನೂ ನಾಲ್ಕು ಸ್ಲೈಡು. ಆಗಲೂ ಬರಲಿಲ್ಲವೇ? ಅಕ್ಷರಗಳು ಗಿರಗಿರ ತಿರುಗುತ್ತಾ ಒಳಗೆ ಬರಲಿ.

'ಸ್ಕ್ರೀನ್ ಕಾಣ್ತಿದೆಯಾ?' ಎಂದು ಮೇಷ್ಟ್ರು ಮತ್ತೆ ಮತ್ತೆ ಕೇಳುತ್ತಾರೆ. ಯಾರೂ ಉತ್ತರ ಕೊಡುವುದಿಲ್ಲ. ಕೊಡೋಣ ಅಂದ್ರೆ ಎಲ್ಲರ ಮೈಕೂ ಮೊದಲೇ ಬಂದ್. ಆಮೇಲೆ ದೊಡ್ಡ ಅಕ್ಷರದಲ್ಲಿ 'ಅಭಿವ್ಯಕ್ತಿ ಸ್ವಾತಂತ್ರ್ಯ' ತೇಲಿ ಬರುತ್ತದೆ. ಕೆಳಗೆ ಮೆಗಾಫೋನ್ ಹಿಡಿದು ಕೂಗುವ ಹುಡುಗನ ಚಿತ್ರ. ಇಡೀ ತರಗತಿಯಲ್ಲಿ ಬಾಯಿ ತೆರೆಯಲು ಅನುಮತಿ ಸಿಕ್ಕಿರುವ ಹುಡುಗ ಅವನೊಬ್ಬನೇ.

ಮುಂದಿನ ಸ್ಲೈಡು, ಅಧಿಕಾರ ವಿಭಜನೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಮೂರೂ ಒಬ್ಬರ ಕೈಗೆ ಸಿಕ್ಕರೆ ಸ್ವಾತಂತ್ರ್ಯ ಉಳಿಯುವುದಿಲ್ಲ ಎಂದು ಫ್ರೆಂಚ್ ಚಿಂತಕ ಮಾಂಟೆಸ್ಕ್ಯೂ 1748ರಲ್ಲೇ ಎಚ್ಚರಿಸಿದ್ದ. ಪಾಪ, ಅವನು ಆನ್‌ಲೈನ್ ಕ್ಲಾಸಿನ 'ಹೋಸ್ಟ್' ಅನ್ನು, ಅಂದ್ರೆ ಕ್ಲಾಸ್ ನಡೆಸುವ ಮೇಷ್ಟ್ರನ್ನು, ನೋಡಿರಲಿಲ್ಲ. ಯಾರು ಒಳಗೆ ಬರಬಹುದು ಅನ್ನುವ ಕಾನೂನು ಹೋಸ್ಟಿನದು. ಮೈಕ್ ಮುಚ್ಚಿಸುವುದೂ ಅವರೇ. ಚಾಟ್‌ನಲ್ಲಿ ತಲೆಹರಟೆ ಮಾಡಿದವನನ್ನು ಹೊರಗೆ ಹಾಕುವ ತೀರ್ಪೂ ಅವರದೇ. ಮೇಲ್ಮನವಿ ಸಲ್ಲಿಸೋಣ ಅಂದ್ರೆ, ಹೊರಗೆ ಹೋದವನಿಗೆ ಲಿಂಕೇ ತೆರೆಯುವುದಿಲ್ಲ.

ಎಲ್ಲಾ ಮೇಷ್ಟ್ರ ತಪ್ಪು ಅಂತಲೂ ಅಲ್ಲ. ಸ್ಲೈಡು ಮಾಡುವ ಪವರ್‌ಪಾಯಿಂಟ್ ತಂತ್ರಾಂಶ 1987ರಲ್ಲಿ ಬಂದಿದ್ದೇ ಕಂಪನಿ ಮೀಟಿಂಗುಗಳಿಗೆ. ಅಲ್ಲಿ ತಲೆಯಾಡಿಸಿದರೆ ಸಾಕು. 2003ರಲ್ಲಿ ಕೊಲಂಬಿಯಾ ಬಾಹ್ಯಾಕಾಶ ನೌಕೆ ಏಳು ಜನರೊಂದಿಗೆ ನಾಶವಾದಾಗ, ಸರಿಯಾದ ತಾಂತ್ರಿಕ ವರದಿ ಬರೆಯುವ ಬದಲು ಸ್ಲೈಡು ತೋರಿಸುವ ನಾಸಾದ ಚಟವನ್ನೂ ತನಿಖಾ ಮಂಡಳಿ ಟೀಕಿಸಿತ್ತು. ಬುಲೆಟ್ ಪಾಯಿಂಟುಗಳ ನಡುವೆ ನಾಸಾದವರಿಗೇ ಅಪಾಯ ಕಾಣಲಿಲ್ಲ. 13 ವರ್ಷದ ಹುಡುಗಿಗೆ ಅಲ್ಲೇ ಸಂವಿಧಾನ ಕಾಣಬೇಕಂತೆ!

ಕ್ಯಾಮೆರಾ ಆನ್ ಇರಬೇಕಾ, ಬೇಡ್ವಾ? ನೀವೇ ವಾದ ಮಾಡಿ, ಮತ ಹಾಕಿ ತೀರ್ಮಾನಿಸಿ ಅಂದಿದ್ದರೆ ಮಕ್ಕಳು ಸ್ಲೈಡಿಲ್ಲದೆಯೇ ಎದ್ದು ಕೂರುತ್ತಿದ್ದರು. ಹಕ್ಕು, ಬಹುಮತ, ಅಲ್ಪಸಂಖ್ಯಾತರ ಮಾತು ಎಲ್ಲಾ ಅಲ್ಲೇ ಬಂದುಬಿಡುತ್ತಿತ್ತು. ಆದರೆ ಗಲಾಟೆ ಜಾಸ್ತಿ ಆಗುತ್ತೆ ಅಲ್ವಾ? ಪ್ರಜಾಪ್ರಭುತ್ವದ ಪಾಠದಲ್ಲಿ ಸುಮ್ನೆ ಯಾಕೆ ಗಲಾಟೆ.

ಹಾಗಂತ ಮತದಾನವೇ ಇಲ್ಲ ಅಂದುಕೊಳ್ಳಬೇಡಿ. 'ರಹಸ್ಯ ಮತದಾನ' ಸ್ಲೈಡು ಮುಗಿದ ಕೂಡಲೇ ಪರದೆ ಮೇಲೆ ಒಂದು ಪೋಲ್ ಬರುತ್ತದೆ: 'ಈ ಪಾಠದಿಂದ ನಿಮಗೆ ಸ್ಫೂರ್ತಿ ಸಿಕ್ಕಿತೇ?' ಆಯ್ಕೆ ಎರಡು. 'ಹೌದು' ಮತ್ತು 'ತುಂಬಾ ಹೌದು'. ಒತ್ತದವರಿಗೆ ಹಾಜರಿ ಇಲ್ಲ. ಯಾರು ಯಾವುದನ್ನು ಒತ್ತಿದರು ಅನ್ನುವ ಪಟ್ಟಿ ಹೆಸರಿನ ಸಮೇತ ಮೇಷ್ಟ್ರ ಬಳಿ ಇರುತ್ತದೆ. ಫಲಿತಾಂಶ ನೂರಕ್ಕೆ ನೂರು. ಅದನ್ನು ಪೈ ಚಾರ್ಟ್ ಮಾಡಿ ಮುಂದಿನ ವಾರದ ಮೊದಲ ಸ್ಲೈಡಿಗೆ ಅಂಟಿಸಿಯೂ ಆಯಿತು, ಚಪ್ಪಾಳೆ ಸದ್ದಿನ ಸಮೇತ.