ದೇವರ ಮನೆ ಕಡೆ ಬರಬಾರದ ಪುಸ್ತಕ

ರಾನ್ಸಮ್ ರಿಗ್ಸ್ ಬರೆದ ‘ಮಿಸ್ ಪೆರೆಗ್ರಿನ್ಸ್ ಹೋಮ್ ಫಾರ್ ಪೆಕ್ಯೂಲಿಯರ್ ಚಿಲ್ಡ್ರನ್’ ಹದಿಹರೆಯದವರ ಕಾದಂಬರಿ. ಮಗಳಿಗೆಂದೇ ತರಿಸಿದ್ದು. ಅವಳು ಮೊಬೈಲ್ ಬಿಡಲಿಲ್ಲ, ನಾನು ಪುಸ್ತಕ ಬಿಡಲಿಲ್ಲ.

2011ರಲ್ಲಿ ಬಂದ ಈ ಪುಸ್ತಕದ ಮಜಾ ಇರುವುದು ಫೋಟೋಗಳಲ್ಲಿ. ಎಲ್ಲ ನಿಜವಾದ ಹಳೇ ಕಪ್ಪು-ಬಿಳುಪು ಫೋಟೋಗಳು. ಗುಜರಿ ಸಂತೆಯಲ್ಲಿ, ಸಂಗ್ರಾಹಕರ ಪೆಟ್ಟಿಗೆಯಲ್ಲಿ ಸಿಕ್ಕಿದವು. ಅದರಲ್ಲಿರುವವರು ಯಾರ ಮನೆ ಮಕ್ಕಳೋ ಏನೋ. ಲೇಖಕ ಅವರಿಗೆ ಹೆಸರಿಟ್ಟು, ಕಥೆ ಕಟ್ಟಿ, ವೇಲ್ಸ್‌ನ ಒಂದು ದ್ವೀಪದ ಅನಾಥಾಲಯಕ್ಕೆ ಸೇರಿಸಿಬಿಟ್ಟಿದ್ದಾನೆ.

ಮುಖಪುಟದಲ್ಲೇ ಒಬ್ಬಳು ಪುಟ್ಟ ಹುಡುಗಿ ಗಾಳಿಯಲ್ಲಿ ತೇಲುತ್ತಿದ್ದಾಳೆ. ಅತ್ತೆ ಕನ್ನಡಕ ಏರಿಸಿ ನೋಡಿದರು. “ಕಾಲು ನೆಲಕ್ಕೆ ತಾಗಿಲ್ಲ. ಇದು ಅದೇ. ದೇವರ ಮನೆ ಕಡೆ ತರಬೇಡ.” ಪುಸ್ತಕ ಹಾಲ್‌ನ ಟೀಪಾಯಿಗೆ ಗಡಿಪಾರಾಯಿತು.

ಆದರೆ ಮಧ್ಯಾಹ್ನ ನಾನು ಕಣ್ಣು ಮುಚ್ಚುವುದೇ ತಡ, ಪುಟ ತಿರುವುವ ಸದ್ದು. ಇಂಗ್ಲಿಷ್ ಬಾರದ ಅತ್ತೆಗೆ ಕಥೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಆ ಹುಡುಗಿ ಹಾರಿಹೋಗದಿರಲಿ ಅಂತ ಭಾರದ ಬೂಟು ಹಾಕಿಸುತ್ತಾರೆ ಎಂದೆ. “ಬೂಟು ಯಾಕೆ? ಹೊಟ್ಟೆಗೆ ಸರಿಯಾಗಿ ಹಾಕಿದ್ರೆ ಸಾಕಿತ್ತು.” ಹೊಟ್ಟೆಯಲ್ಲಿ ಜೇನ್ನೊಣ ಸಾಕಿದ ಹುಡುಗ? “ಬಾಯಿ ತೆರೆದು ಮಲಗಿರ್ತಾನೆ.” ಇನ್ನೊಬ್ಬ ಕಣ್ಣಿಗೇ ಕಾಣುವುದಿಲ್ಲ, ಬಟ್ಟೆ ಮಾತ್ರ ಕಾಣುತ್ತದೆ, ಹಾಗಾಗಿ ಬಟ್ಟೆಯಿಲ್ಲದೆ ಓಡಾಡುತ್ತಾನೆ ಎಂದಾಗ ಮಾತ್ರ ಅತ್ತೆ ಪುಸ್ತಕ ಮುಚ್ಚಿದರು. ಐದು ನಿಮಿಷ ಅಷ್ಟೇ.

ಆ ಮಕ್ಕಳಿಗೆ ದಿನಾ ಒಂದೇ ದಿನ, 1940ರ ಸೆಪ್ಟೆಂಬರ್ 3. ರಾತ್ರಿ ಜರ್ಮನ್ ಬಾಂಬ್ ಬೀಳುವ ಹೊತ್ತಿಗೆ ಅನಾಥಾಲಯ ನಡೆಸುವ ಮೇಡಂ, ಅಂದರೆ ಮಿಸ್ ಪೆರೆಗ್ರಿನ್, ಕಾಲವನ್ನು ಹಿಂದಕ್ಕೆ ತಿರುಗಿಸುತ್ತಾರೆ. ಇದೊಂದು ಅತ್ತೆಗೆ ತಕ್ಷಣ ಅರ್ಥವಾಯಿತು. “ನಮ್ಮ ಏಳು ಗಂಟೆ ಧಾರಾವಾಹಿ ಥರ, ಅಲ್ವಾ?”

ರಾತ್ರಿ ಒಬ್ಬಳೇ ಓದುವುದು ಬೇರೆ ಕಥೆ. ಬಿಳಿ ಬಟ್ಟೆಯ ವಿಚಿತ್ರ ಅವಳಿ ಮಕ್ಕಳ ಫೋಟೋ ಬಂದಾಗಲೇ ಕರೆಂಟ್ ಹೋಗಬೇಕೇ? ಟಾರ್ಚ್ ಹಿಡಿದು ಸಹಾಯಕ್ಕೆ ಬಂದ ಯಜಮಾನರ ಮೇಲೆ ನೀರಿನ ಬಾಟಲಿ ಬಿತ್ತು. ಎಸೆದದ್ದು ಯಾರೆಂದು ಅವರು ಈಗಲೂ ಕೇಳುತ್ತಾರೆ.

ಭಾನುವಾರ ದೂರದ ನೆಂಟರೊಬ್ಬರು ಗೃಹಪ್ರವೇಶಕ್ಕೆ ಕರೆಯಲು ಬಂದರು. ನಾನು ಕಾಫಿ ತರುವಷ್ಟರಲ್ಲಿ ಪುಸ್ತಕ ಅವರ ತೊಡೆಯ ಮೇಲಿತ್ತು. “ಹಳೇ ಆಲ್ಬಮ್ ಚೆನ್ನಾಗಿ ಕಾಪಾಡಿದೀರಿ” ಎಂದು ಮೆಚ್ಚಿದರು. ಬಂಡೆ ಎತ್ತಿ ಹಿಡಿದ ಸಣಕಲ ಹುಡುಗನ ಮೇಲೆ ಬೆರಳಿಟ್ಟು, “ಇವರು ಯಾರು?”

“ಸೊಸೆ ಕಡೆಯವರು,” ಅಂದರು ಅತ್ತೆ, ತಣ್ಣಗೆ.

ಅವರು ಒಮ್ಮೆ ಫೋಟೋ ನೋಡಿದರು, ಒಮ್ಮೆ ನನ್ನನ್ನು ನೋಡಿದರು. “ಹೌದ್ಹೌದು, ಮುಖ ನೋಡಿದ್ರೇ ಗೊತ್ತಾಗುತ್ತೆ.”